ಸದ್ದಿಲ್ಲದ ಕಪ್ಪು ಮನೆ

ಗುರುಬಾಯಿಗೆ ಊಟಕ್ಕೆಂದು ಸಿಗುತ್ತಿದ್ದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷವನ್ನು ಸರ್ವಿಸ್ ಲಿಫ್ಟು ತಿನ್ನುತ್ತಿತ್ತು. ಐದು ನಿಮಿಷದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಉಳಿದ ಹದಿನೈದು ನಿಮಿಷವನ್ನು ಆಕೆ ಎಂಟು ದಿನಗಳಿಂದ ಮೈಕಿನ ಅಕ್ಷಯನ ಸಾಮಾನಿನ ಕೋಣೆಯಲ್ಲಿ ಕಳೆಯುತ್ತಿದ್ದಳು. ಕೂರಲು ಅಲ್ಲೊಂದು ಮುರಿದ ಪ್ರೊಜೆಕ್ಟರಿನ ಪೆಟ್ಟಿಗೆಯಿತ್ತು. ಕೂತರೆ ಮೊಣಕಾಲು ಒಂದು ಸಲ ನೋಯುತ್ತಿತ್ತು, ಎದ್ದರೆ ಎರಡು ಸಲ.

ಬಾಂದ್ರಾದ ಆ ಒಂಬತ್ತು ಮಹಡಿಯ ಕಚೇರಿ ಕಟ್ಟಡವನ್ನು ದಿನಾ ತೊಳೆದು ಒರೆಸುವವರು ನೀಲಿ ಕೋಟಿನ ಹನ್ನೊಂದು ಹೆಂಗಸರು. ಮೂರು ತಿಂಗಳ ಹಿಂದೆ ಹನ್ನೆರಡು ಮಂದಿ ಇದ್ದರು. ಹನ್ನೆರಡನೆಯವಳು ದಾನವ್ವ. ಒಂದು ರವಿವಾರ ಏಳನೇ ಮಹಡಿಯ ಶೌಚಾಲಯವನ್ನು ಉಜ್ಜಿ ತೊಳೆಯಲು ಅವಳನ್ನೂ ಅಂಬವ್ವನನ್ನೂ ಕರೆಸಿದ್ದರು. ರಜೆಯ ದಿನ ಏಸಿ ಬಂದ್, ಗಾಳಿ ಹೊರಹಾಕುವ ಫ್ಯಾನೂ ಬಂದ್. ಕಿಟಕಿಯಂತೂ ಆ ಕಟ್ಟಡದಲ್ಲಿ ತೆರೆಯುವಂಥದ್ದೇ ಇಲ್ಲ. ಎರಡು ಬೇರೆ ಕ್ಯಾನಿನ ತೊಳೆಯುವ ಔಷಧ ಒಂದೇ ಬಕೆಟ್ಟಿಗೆ ಬಿದ್ದು ವಿಷದ ಹೊಗೆಯೆದ್ದಿತು. ಅಂಬವ್ವ ನೀರು ತರಲು ಹೊರಗೆ ಹೋಗಿದ್ದಳು, ಉಳಿದಳು. ದಾನವ್ವನನ್ನು ಸರ್ವಿಸ್ ಲಿಫ್ಟಿನಲ್ಲಿ ಕೆಳಗಿಳಿಸುವಾಗ ಅವಳ ತಲೆ ಇದ್ದದ್ದು ಅಂಬವ್ವನ ತೊಡೆಯ ಮೇಲೆ.

ಗುತ್ತಿಗೆ ಕಂಪನಿಯವರು ಹೇಳಿದ್ದು ಒಂದೇ ಮಾತು: ಆ ದಿನ ಆ ಹೆಂಗಸು ಕಟ್ಟಡಕ್ಕೆ ಬಂದೇ ಇಲ್ಲ. ಹೆಬ್ಬೆಟ್ಟಿನ ಯಂತ್ರದಲ್ಲಿ ಆಕೆಯ ಗುರುತಿಲ್ಲ. ರವಿವಾರ ಆ ಯಂತ್ರವನ್ನೂ ಬಂದ್ ಇಡುತ್ತಾರೆ ಎಂಬುದು ಹನ್ನೊಂದು ಹೆಂಗಸರಿಗೂ ಗೊತ್ತಿತ್ತು, ಸೂಪರ್‌ವೈಸರ್ ತಾಂಡೇಲನಿಗೂ ಗೊತ್ತಿತ್ತು. ಕೇಳಿದವರಿಗೆ ತಾಂಡೇಲ್ ಹೇಳುವುದು "ಗಾಂವ್ ಗಯೀ." ಊರಿಗೆ ಹೋದಳಂತೆ. ಆರು ವರ್ಷ ಒರೆಸಿದ ನೆಲದ ಮೇಲೆ ಅವಳ ಹೆಸರು ಹೇಳುವವರಿಲ್ಲದಂತೆ ಮಾಡಲು ಎರಡು ಪದ ಸಾಕಾದವು.

ಗುರುಬಾಯಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ದಾನವ್ವ ಈ ಕಟ್ಟಡದಲ್ಲಿದ್ದಳು ಎಂಬುದು ಈ ಕಟ್ಟಡದೊಳಗೆ ಒಂದು ಸಲ, ಒಂದೇ ಒಂದು ಸಲ, ಎಲ್ಲರ ಎದುರು ಕೇಳಿಸಬೇಕು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಕಚೇರಿಯೇ. 'ಕಾಣದ ಕೈಗಳಿಗೆ ನಮನ' ಅಂತ ಒಂದು ಕಾರ್ಯಕ್ರಮ. ಸಫಾಯಿಯವರಿಗೆ, ಸೆಕ್ಯೂರಿಟಿಯವರಿಗೆ ಒಂದೊಂದು ಚಹಾ ಮಗ್ಗು, ಒಂದು ಗುಲಾಬಿ. ಆಮೇಲೆ ಅವರಿಂದಲೇ ಮನರಂಜನೆ. ಕೈಗಳು ಕಾಣದಂತೆ ಮಾಡಿದವರು ಯಾರು ಅಂತ ಆ ಬ್ಯಾನರಿನಲ್ಲಿ ಬರೆದಿರಲಿಲ್ಲ. ಎಚ್.ಆರ್. ಮೇಡಂ ಹಾಕಿದ ನಿಯಮಗಳು ಮೂರು. ಧಾರ್ಮಿಕ ಐಟಂ ಬೇಡ. ಹಾಡುವುದಾದರೆ ಪದಗಳನ್ನು ಇಂಗ್ಲಿಷಿನಲ್ಲಿ ಬರೆದು ಮೊದಲೇ ತೋರಿಸಬೇಕು. ಮೂರು ನಿಮಿಷಕ್ಕಿಂತ ಹೆಚ್ಚಿಗೆ ಬೇಡ.

ಭಾಂಡುಪ್ ಗುಡ್ಡದ ಚಾಳಿನಲ್ಲಿ ಸೋಮವಾರದ ಭಜನೆಗೆ ಪೇಟಿ ಬಾರಿಸುವವಳು ಗುರುಬಾಯಿ. ಇಂಡಿ ಕಡೆಯ ತವರಿನಲ್ಲಿ ಅಪ್ಪನ ಪಕ್ಕ ಕೂತು ಕಲಿತದ್ದು. ಹಾರ್ಮೋನಿಯಂ ತರುತ್ತೇನೆ ಅಂದದ್ದಕ್ಕೆ ಮೇಡಂ ನಕ್ಕು ತಲೆಯಾಡಿಸಿದಳು: ಹಾರ್ಮೋನಿಯಂ ಅಂದರೆ ಭಜನೆ, ಭಜನೆ ಅಂದರೆ ಧರ್ಮ. ಆಗ ಬಾಯಿ ಹಾಕಿದವನು ಅಕ್ಷಯ. ಸಭಾಂಗಣದ ಮೈಕು, ಪರದೆ, ಸ್ಪೀಕರು ನೋಡಿಕೊಳ್ಳುವವ, ಅವನೂ ಗುತ್ತಿಗೆಯವನೇ. ನಲವತ್ತರ ಹತ್ತಿರದ ಗಂಡಸು. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ದು ಸವೆದವರು. ಶನಿವಾರ ಸಂಜೆ ಮದುವೆ ಪಾರ್ಟಿಗಳಲ್ಲಿ ಕೀಬೋರ್ಡು ನುಡಿಸುವುದು ಇವನ ಇನ್ನೊಂದು ದುಡಿಮೆ.

"ಗಿಟಾರ್ ಅಂತ ಬರೀರಿ ಮೇಡಂ, ಬರೇ ವಾದ್ಯ," ಅಂದಿದ್ದ. ಹೊರಗೆ ಬಂದ ಮೇಲೆ ಗುರುಬಾಯಿಗೆ ಕಣ್ಣು ಹೊಡೆದು, "ಗಿಟಾರಿಗೆ ಯಾವ ದೇವರೂ ಇಲ್ಲ ಅಕ್ಕ. ಅವರಿಗೆ ಭಯ ಇಲ್ಲ," ಅಂದ.

"ನಾ ಜನ್ಮದಾಗ ಗಿಟಾರ್ ಮುಟ್ಟಿಲ್ಲೋ ತಮ್ಮಾ."

"ಮುಟ್ಲಿಕ್ಕೆ ಉಂಟಲ್ಲ ನನ್ನ ಹತ್ರ. ಪೇಟಿಯ ಮನೆಯೇ ಒತ್ತುದು ನೀವು, ಗಿಟಾರಿನ ಸ್ವರ ಬರ್ತದೆ. ಲ್ಯಾಪ್‌ಟಾಪಿನೊಳಗೆ ಗಿಟಾರ್ ಉಂಟು."

ಮೊದಲ ದಿನ ಹದಿನೈದು ನಿಮಿಷವೂ ಜೋಡಿಸುವುದಕ್ಕೇ ಹೋಯಿತು. ಲ್ಯಾಪ್‌ಟಾಪು, ನಾಲ್ಕು ಸಪ್ತಕದ ಪುಟ್ಟ ಕೀಬೋರ್ಡು, ನಡುವೆ ಇಟ್ಟಿಗೆಯಷ್ಟು ಗಾತ್ರದ ಒಂದು ಸೌಂಡ್ ಕಾರ್ಡಿನ ಡಬ್ಬಿ. ಪರದೆಯ ಮೇಲೆ ಗಿಟಾರಿನ ಚಿತ್ರ ಮೂಡಿತು. ಹದಿನಾಲ್ಕು ದಿನ ಪುಕ್ಕಟೆ, ಆಮೇಲೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ ಅಂದ ಅಕ್ಷಯ. ಲೋಹದ ತಂತಿ ಬೇಕೋ, ನೈಲಾನಿನದು ಬೇಕೋ ಅಂತ ಅದು ಕೇಳಿತು. ಅವನು ನೈಲಾನ್ ಆರಿಸಿದ. "ಮೆತ್ತಗೆ ಇರ್ತದೆ, ನಿಮ್ಮ ಪದಕ್ಕೆ ಸರಿ."

ಗುರುಬಾಯಿ ಕೀಬೋರ್ಡಿನ ಒಂದು ಬಿಳಿ ಮನೆ ಒತ್ತಿದಳು. ಏನೂ ಇಲ್ಲ. ಕೈ ತೆಗೆಯುವಷ್ಟರಲ್ಲಿ 'ಟಣ್' ಎಂದಿತು.

"ಸರ್ವಿಸ್ ಲಿಫ್ಟ್ ಹಂಗ ಐತಲ್ಲೋ ಇದು! ಗುಂಡಿ ಒತ್ತಿ ನಿಂತರ, ತನಗ ಮನಸ್ಸಾದಾಗ ಬರತೈತಿ."

ಅಕ್ಷಯ ನಗುತ್ತಾ ಸೆಟ್ಟಿಂಗಿನೊಳಗೆ ಹೊಕ್ಕ. ಕಂಪ್ಯೂಟರು ಸ್ವರವನ್ನು ಮೊದಲು ಒಂದು ಕೊಡದಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಸುರಿಯುತ್ತದೆ. ಕೊಡ ದೊಡ್ಡದಾದರೆ ತಡ, ತೀರ ಚಿಕ್ಕದಾದರೆ ಚೆಲ್ಲುತ್ತದೆ ಎಂದು ವಿವರಿಸಿದ. ಚಿಕ್ಕದು ಮಾಡಿದ. ಸ್ಪೀಕರಿನಲ್ಲಿ ಒಗ್ಗರಣೆಯ ಸಾಸಿವೆಯಂತೆ ಚಟಚಟ ಸದ್ದು. ಮತ್ತೆ ತುಸು ದೊಡ್ಡದು ಮಾಡಿದ. ಈಗ ಬೆರಳೂ ಸ್ವರವೂ ಕೂಡಿದವು. ಗುರುಬಾಯಿ ಕರಿ ನಾಲ್ಕರ, ಅಂದರೆ ನಾಲ್ಕನೇ ಕಪ್ಪು ಮನೆಯ, ಷಡ್ಜ ಹಿಡಿದು ಒಮ್ಮೆ ಏರಿ ಇಳಿದಳು. ಮೆಲ್ಲಗೆ ಒತ್ತಿದರೆ ಬೆರಳ ತುದಿಯಿಂದ ಮೀಟಿದಂತೆ, ಜೋರಾಗಿ ಒತ್ತಿದರೆ ಉಗುರಿನಿಂದ ಎಳೆದಂತೆ. ಔಷಧದ ನೀರಿಗೆ ಬಿರಿದ ಅವಳ ಬೆರಳ ಚರ್ಮ ಮನೆಗಳ ಸಂದಿಗೆ ಸಿಕ್ಕಿ ಸಿಕ್ಕಿ ಬರುತ್ತಿತ್ತು.

ಎರಡನೇ ದಿನ ತೊಂದರೆ ಎದ್ದದ್ದು ಎಡಗೈಯಿಂದ. ಪೇಟಿಯಲ್ಲಿ ಎಡಗೈಗೆ ತಿದಿಯೊತ್ತುವ ಕೆಲಸ. ಇಲ್ಲಿ ತಿದಿಯೇ ಇಲ್ಲ. ನಲವತ್ತು ವರ್ಷ ದುಡಿದ ಕೈ ಸುಮ್ಮನೆ ಕೂರಲಾರದೆ ಕೆಲಸ ಹುಡುಕಿತು, ಹೋಗಿ ಕೆಳಗಿನ ಷಡ್ಜದ ಕಪ್ಪು ಮನೆಯನ್ನು ಹಿಡಿದು ಕೂತಿತು. ಭಜನೆಯಲ್ಲಿ ಹಾಗೆ ಶ್ರುತಿ ಹಿಡಿದರೆ ಪದಕ್ಕೆ ನೆಲ ಸಿಕ್ಕಿದಂತೆ. ಇಲ್ಲಿ ಹಿಡಿದ ಕೂಡಲೇ ಗಿಟಾರಿನ ಜೀವ ಹೋಯಿತು. ಬಲಗೈ ಏನು ಒತ್ತಿದರೂ ಡಬ್, ಡಬ್, ಡಬ್. ಒದ್ದೆ ಗೋಣಿಚೀಲಕ್ಕೆ ಬಡಿದಂತೆ.

"ಸತ್ತೇ ಹೋತಲ್ಲೋ!"

"ಅಯ್ಯೋ, ಅದನ್ನು ಒತ್ತಬೇಡಿ ಅಕ್ಕ." ಅವನು ಪರದೆಯಲ್ಲಿ ತೋರಿಸಿದ. ಎಡಗಡೆಯ ಕೊನೆಯ ಸಪ್ತಕದ ಮನೆಗಳಿಗೆ ಬೇರೆ ಬಣ್ಣವಿತ್ತು. "ಇವುಕ್ಕೆ ಸ್ವರ ಇಲ್ಲ. ಇವು ಸೂಪರ್‌ವೈಸರುಗಳು. ತಾವು ದುಡಿಯುದಿಲ್ಲ, ಬೇರೆಯವರು ಹೇಗೆ ದುಡೀಬೇಕು ಅಂತ ಹೇಳ್ತಾವೆ. ನೀವು ಒತ್ತಿದ್ದು, ತಂತಿಯನ್ನು ಅಂಗೈಯಲ್ಲಿ ಅದುಮಿ ಹಿಡಿ ಅಂತ. ಕೈ ತೆಗೆದರೂ ಬಿಡುದಿಲ್ಲ ಅದು, ಅದುಮಿಕೊಂಡೇ ಇರ್ತದೆ. ಪಕ್ಕದ ಬಿಳಿ ಮನೆ ಒಮ್ಮೆ ಒತ್ತಿ. ನೋಡಿ, ಬಿಟ್ಟಿತು."

ಗುರುಬಾಯಿ ಆ ಕಪ್ಪು ಮನೆಯನ್ನು ಸ್ವಲ್ಪ ಹೊತ್ತು ನೋಡಿದಳು. "ತಾಂಡೇಲ್," ಅಂದಳು. ಅಂದಿನಿಂದ ಆ ಮನೆಗೆ ಅದೇ ಹೆಸರಾಯಿತು.

ಎಡಗೈಗೆ ಬೇರೆ ಕೆಲಸ ಕೊಡೋಣ ಅಂತ ಅಕ್ಷಯ ಕೀಬೋರ್ಡಿನ ಅಂಚಿನ ಒಂದು ಚಕ್ರವನ್ನು ತೋರಿಸಿದ. ಬಲಗೈಯಲ್ಲಿ ಸ್ವರ ಒತ್ತಿ ಎಡಗೈಯಲ್ಲಿ ಚಕ್ರ ತಳ್ಳಿದರೆ, ತಂತಿ ಎಳೆದಂತೆ ಸ್ವರ ಬಾಗುತ್ತಾ ಮೇಲಕ್ಕೆ ಸರಿಯಿತು. ಗುರುಬಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪೇಟಿಯಲ್ಲಿ ಸ್ವರ ಬಾಗುವುದಿಲ್ಲ. ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತದೆ. ದಾನವ್ವನ ದನಿ ಬಾಗುತ್ತಿತ್ತು. ಆರು ವರ್ಷ ಸೋಮವಾರ ಸೋಮವಾರ ಅವಳ ದನಿಯ ಹಿಂದೆ ಪೇಟಿ ಹಿಡಿದು ಕುಂಟಿದ್ದಳು ಗುರುಬಾಯಿ. ಈಗ, ಅವಳಿಲ್ಲದಾಗ, ಆ ಬಾಗು ಕೈಗೆ ಸಿಕ್ಕಿತ್ತು.

"ಎಂತಾಯ್ತು ಅಕ್ಕ?"

"ಏನಿಲ್ಲ. ದಣಿವು."

ದಾನವ್ವ ಓದಿದವಳಲ್ಲ, ಆದರೆ ಪದ ಕಟ್ಟುತ್ತಿದ್ದಳು. ಮಾಪು ಎಳೆಯುತ್ತಾ ಕಟ್ಟಿದ್ದನ್ನು ಸೋಮವಾರ ಚಾಳಿನಲ್ಲಿ ಹಾಡುತ್ತಿದ್ದಳು. ಗುರುಬಾಯಿ ಬಾರಿಸಲು ಆರಿಸಿಕೊಂಡ ಪದ ಕಟ್ಟಡದ ಹನ್ನೊಂದೂ ಹೆಂಗಸರಿಗೆ ಬಾಯಿಪಾಠವಾಗಿತ್ತು. ಮರಾಠಿಯವರು, ತೆಲುಗಿನವಳೊಬ್ಬಳು, ಜೌನಪುರದವಳೊಬ್ಬಳು, ಅರ್ಥ ಕೇಳದೆಯೇ ಕಲಿತಿದ್ದರು:

ಒಂಬತ್ತು ಮಾಳಿಗಿ ಒರೆಸಿ ಬಂದೀನಿ
ಹಸಿ ನೆಲ ತುಳಿಬ್ಯಾಡೋ ಸಾಹೇಬಾ
ನೆಲದಾಗ ನಿನ್ನ ಮಾರಿ ಕಾಣತೈತಿ
ನೋಡಿ ನಡಿ ಅಂದಾಳ ದಾನವ್ವ

ಚಾಳಿನ ಭಜನೆಗೆ ಹಿರಿಯನಾದ ರಾಮಪ್ಪ ಕಲಿಸಿದ್ದೊಂದು ಕಟ್ಟಳೆಯಿತ್ತು. ಪದ ಎತ್ತಿದರೆ ಕಟ್ಟಿದವರ ಹೆಸರು ಬರುವತನಕ ಬಿಡುವಂತಿಲ್ಲ. ಪೇಟಿ ಕೆಟ್ಟರೂ, ಕರೆಂಟು ಹೋದರೂ, ಮುಂದೆ ಹಾಡುವವನಿಗೆ ಕೆಮ್ಮು ಹತ್ತಿದರೂ ಹಿಂದಿನವರು ಎತ್ತಿಕೊಂಡು ಹೆಸರು ಮುಟ್ಟಿಸಲೇಬೇಕು. "ಅರ್ಧಕ್ಕ ಬಿಟ್ಟರ ಕಟ್ಟಿದಾಕಿನ್ನ ಬಾಗಲದಾಗ ನಿಂದ್ರಿಸಿ ಕದಾ ಹಾಕಿಧಂಗ," ಅನ್ನುತ್ತಿದ್ದ ರಾಮಪ್ಪ.

ಕಾರ್ಯಕ್ರಮದ ಹಿಂದಿನ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಹನ್ನೊಂದು ಮಂದಿ ಕೂಡಿದರು. ಮಾತು ತೆಗೆದವಳು ಅಂಬವ್ವ. ಆ ರವಿವಾರದ ಮೇಲೆ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಗುರುಬಾಯಕ್ಕ, ನೀ ಧಾಟಿ ಬಾರಸು. ನಾವು ಬಾಯಿ ತೆಗಿಯೂದಿಲ್ಲ. ಒಂದಕ್ಷರ ಹೊರಗ ಬಂತಂದ್ರ ನಾಳಿಂದ ಹನ್ನೊಂದು ಒಲಿ ಆರತಾವ. ಆಣಿ ಮಾಡು."

"ಯಾರ ಆಣಿ ಮಾಡಲೇ?"

ಅಂಬವ್ವ ನೆಲ ನೋಡಿದಳು. "ಆಕಿದು," ಅಂದಳು.

ಗುರುಬಾಯಿ ಆಣೆ ಮಾಡಿದಳು. ಅಂದು ಕುರ್ಲಾದಿಂದ ಭಾಂಡುಪ್‌ವರೆಗೆ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದಳು. ಬರೇ ಧಾಟಿ. ಪದವಿಲ್ಲದ, ಹೆಸರಿಲ್ಲದ ಧಾಟಿ. ಇಷ್ಟಕ್ಕೇ ಎಂಟು ದಿನ ಊಟದ ಬಿಡುವು ಕಳೆದೆನೇ ಅನ್ನಿಸಿತು. ಆದರೂ ಆ ಬಾಗು ಇತ್ತು. ಹನ್ನೊಂದು ಮಂದಿಗಾದರೂ ಅದು ಯಾರದೆಂದು ತಿಳಿಯುತ್ತದೆ. ಅಷ್ಟು ಸಾಕೆಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸೂ ದಣಿದಿತ್ತು, ವಾದಿಸಲಿಲ್ಲ.

ಮರುದಿನ ಮೂರೂವರೆಗೆ ಸಭಾಂಗಣ ತುಂಬಿತು. ಬೆಳಿಗ್ಗೆ ಅದನ್ನು ಒರೆಸಿದವರೂ ಇವರೇ, ಕುರ್ಚಿ ಹಾಕಿದವರೂ ಇವರೇ, ಈಗ ಅತಿಥಿಗಳೆಂದು ಗೋಡೆಗೆ ಸಾಲಾಗಿ ನಿಂತವರೂ ಇವರೇ. ಕೈಯಲ್ಲಿ ಮಗ್ಗು, ಮಗ್ಗಿನಲ್ಲಿ ಗುಲಾಬಿ. ಯಾರೋ ಸಾಹೇಬರು ಇಂಗ್ಲಿಷಿನಲ್ಲಿ ಕೃತಜ್ಞತೆ ಸಲ್ಲಿಸಿದರು. ತಾಂಡೇಲ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿ, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ.

"ಈಗ ಗುರುಬಾಯಿ ದೀದಿ, ಗಿಟಾರ್!" ಎಂದಳು ಮೇಡಂ.

ಅಕ್ಷಯ ಎಲ್ಲವನ್ನೂ ಜೋಡಿಸಿಟ್ಟಿದ್ದ. ಕಿವಿಯ ಹತ್ತಿರ ಬಗ್ಗಿ, "ತಾಂಡೇಲನ್ನ ಮುಟ್ಬೇಡಿ, ಆಯ್ತಾ?" ಅಂದ.

ಗುರುಬಾಯಿ ಬಾರಿಸಿದಳು. ಬೆಳಗಿನ ಐದಕ್ಕೆ ಎದ್ದ ಮೈ ಅದು. ಬೆರಳು ಮರಗಟ್ಟಿದ್ದವು. ಆದರೂ ಮೊದಲ ಸಾಲು ಸರಿಯಾಗಿ ಬಂತು, ದೊಡ್ಡ ಸ್ಪೀಕರುಗಳಿಂದ ನೈಲಾನು ತಂತಿ ಗುಂಡಗೆ, ಮೆದುವಾಗಿ ನುಡಿಯಿತು. ಎರಡನೇ ಸಾಲಿನ 'ಸಾಹೇಬಾ' ಬಂದಾಗ ಎಡಗೈ ಚಕ್ರ ತಳ್ಳಿತು. ಸ್ವರ ಬಾಗಿತು. ಗೋಡೆಯ ಬದಿಯಲ್ಲಿ ಹನ್ನೊಂದರಲ್ಲಿ ಹತ್ತು ಮಗ್ಗುಗಳು ಅಲುಗಾಡಿದ್ದು ಅವಳ ಕಣ್ಣಂಚಿಗೆ ಬಿತ್ತು; ಹನ್ನೊಂದನೆಯದು ಅವಳ ಕಾಲ ಬಳಿಯೇ ಇತ್ತು.

ಕೆಲಸ ಮುಗಿದ ಎಡಗೈಯನ್ನು ತೊಡೆಯ ಮೇಲೆ ಇಡಬೇಕಿತ್ತು. ಎಂಟು ದಿನ ಹಾಗೆಯೇ ಕಲಿತದ್ದು. ಕಲಿತದ್ದು ಎಂಟು ದಿನ, ದುಡಿದದ್ದು ನಲವತ್ತು ವರ್ಷ. ಚಕ್ರ ಬಿಟ್ಟ ಕೈ ತನ್ನ ಪಾಡಿಗೆ ತಾನು ಹೋಗಿ ಕೆಳಗಿನ ಷಡ್ಜದ ಕಪ್ಪು ಮನೆಯ ಮೇಲೆ ಊರಿತು.

ಡಬ್. ಡಬ್. ಡಬ್.

ಅಕ್ಷಯ ಹಣೆಗೆ ಕೈ ಹಚ್ಚಿದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಅಯ್ಯೋ ಪಾಪ ಎಂಬಂತೆ ನಗುತ್ತಾ ಚಪ್ಪಾಳೆಗೆ ಕೈಯೆತ್ತಿದಳು, ಚಪ್ಪಾಳೆ ಹೊಡೆದು ಇಳಿಸಿಬಿಡುವ ಅಂದಾಜಿನಲ್ಲಿ.

ಆಗ ಗೋಡೆಯ ಬದಿಯಿಂದ ಒಂದು ದನಿ ಎದ್ದಿತು. ಒಡೆದ ದನಿ, ಶ್ರುತಿಯಿಂದ ಅರ್ಧ ಬೆರಳು ಕೆಳಗೆ.

'ನೆಲದಾಗ ನಿನ್ನ ಮಾರಿ ಕಾಣತೈತಿ...'

ಅಂಬವ್ವ. ಆಣೆ ಮಾಡಿಸಿಕೊಂಡವಳು. ಅವಳು ಯೋಚಿಸಿ ಹಾಡಿದ್ದಲ್ಲ; ಮುಖ ನೋಡಿದರೆ ಅವಳಿಗೇ ಗಾಬರಿಯಾಗಿತ್ತು. ಪೇಟಿ ಕೆಟ್ಟರೆ ಹಿಂದಿನವರು ಎತ್ತಿಕೊಳ್ಳಬೇಕು, ಅಷ್ಟೇ. ಸೋಮವಾರ ಸೋಮವಾರ ಚಾಳಿನ ಭಜನೆಯಲ್ಲಿ ಮೈಗೆ ಹತ್ತಿದ್ದು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಕೊನೆಗೆ ಜೌನಪುರದವಳೂ.

ಪಕ್ಕದ ಬಿಳಿ ಮನೆ ಒಮ್ಮೆ ಒತ್ತಿದ್ದರೆ ಗಿಟಾರ್ ಬಾಯಿ ಬಿಡುತ್ತಿತ್ತು. ಎಡಗೈಯ ನಡುಬೆರಳು ಅದರ ಮೇಲೆಯೇ ಇತ್ತು. ಗಿಟಾರ್ ಮಾತಾಡಿದರೆ ಇವರು ಸುಮ್ಮನಾಗುತ್ತಾರೆ, ಹನ್ನೊಂದು ಒಲೆಗಳು ಉರಿಯುತ್ತವೆ, ಎಲ್ಲ ಸರಿಹೋಗುತ್ತದೆ. ಗುರುಬಾಯಿಗೆ ಅದೆಲ್ಲ ತಿಳಿದಿತ್ತು. ಆಕೆ ಬೆರಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈ ಆ ಸತ್ತ ತಂತಿಯನ್ನೇ ಬಡಿಯುತ್ತಾ ಹೋಯಿತು. ಡಬ್, ಡಬ್, ಡಬ್, ದಪ್ಪು ವಾದ್ಯದ ತಾಳದಂತೆ, ಅವರ ಪದದ ಕೆಳಗೆ ನೆಲವಾಗಿ.

'ನೋಡಿ ನಡಿ ಅಂದಾಳ ದಾನವ್ವ.'

ಮೂರು ಸಲ. ಕೊನೆಯ ಸಾಲನ್ನು ಮೂರು ಸಲ ಹೇಳುವುದು ರೂಢಿ.

ಕನ್ನಡ ಬಾರದವರಿಗೂ ಹೆಸರೊಂದು ಬರುತ್ತದೆ. ನಡುವಿನ ಸಾಲಿನಲ್ಲಿ ಕೂತಿದ್ದ ಏಳನೇ ಮಹಡಿಯ ಬೊಕ್ಕತಲೆಯ ಸಾಹೇಬರು ಈಗೆಲ್ಲಿದ್ದಾಳೆ ಅವಳು ಎಂದು ಖುಷಿಯಿಂದಲೇ ಕೇಳಿದರು, "ಅರೆ, ದಾನವ್ವ! ಕಹಾಂ ಹೈ ವೋ ಆಜ್‌ಕಲ್?"

"ಗಾಂವ್ ಗಯೀ ಸರ್," ಎಂದ ತಾಂಡೇಲ್, ತಟ್ಟನೆ.

ಗುರುಬಾಯಿ ಏಳಲಿಲ್ಲ. ಕೂತಲ್ಲಿಂದಲೇ, ಬಸ್ಸಿನಲ್ಲಿ ಪಕ್ಕದವರಿಗೆ ಸ್ಟಾಪಿನ ಹೆಸರು ಹೇಳುವ ದನಿಯಲ್ಲಿ ಹೇಳಿದಳು: "ಗಾಂವ್ ನಹೀಂ ಗಯೀ ಸಾಬ್. ಆಪ್ ಕೇ ಮಾಲೇ ಪೇ ಮರೀ. ಬಾಥ್‌ರೂಮ್ ಮೇಂ. ಇತವಾರ್ ಕೋ."

ಊರಿಗೆ ಹೋಗಿಲ್ಲ, ನಿಮ್ಮದೇ ಮಹಡಿಯ ಶೌಚಾಲಯದಲ್ಲಿ ರವಿವಾರ ಸತ್ತಳು. ಸಾಹೇಬರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದು, ಆಮೇಲೆ ಇಳಿಯಿತು. ಅವರು ತಾಂಡೇಲನನ್ನು ನೋಡಿದರು. ಸಭಾಂಗಣದ ಎಲ್ಲರೂ ತಾಂಡೇಲನನ್ನು ನೋಡಿದರು. ಮೇಡಂ ಮೈಕು ಹಿಡಿದು ಸಮೋಸ ಸಿದ್ಧವಾಗಿದೆ ಎಂದಳು.

ಜನ ಹೋದ ಮೇಲೆ ತಾಂಡೇಲ್ ಹನ್ನೊಂದು ಮಂದಿಯನ್ನು ಮತ್ತೆ ಅದೇ ಗೋಡೆಗೆ ನಿಲ್ಲಿಸಿದ. ಕಂಪನಿಗೆ ರಿಪೋರ್ಟು ಬರೆಯಬೇಕಿತ್ತು. ಒಂದು ಕೈಯಲ್ಲಿ ತೆರೆದ ಹಾಜರಿ ಪುಸ್ತಕ, ಇನ್ನೊಂದರಲ್ಲಿ ಪೆನ್ನು.

"ಗಾನಾ ಪಹಿಲೇ ಕಿಸನೇ ಉಠಾಯಾ? ನಾವ್ ಸಾಂಗಾ." ಪದ ಮೊದಲು ಎತ್ತಿದ್ದು ಯಾರು, ಹೆಸರು ಹೇಳಿ ಎಂಬ ಪ್ರಶ್ನೆ.

ಗುರುಬಾಯಿ ಬಾಯಿ ತೆರೆಯುವ ಮೊದಲೇ ಅಂಬವ್ವ ಹೇಳಿದಳು, "ದಾನವ್ವ."

ಆರು ವರ್ಷ ದಿನಾ ಬೆಳಿಗ್ಗೆ ಕರೆದು ಬರೆದುಕೊಂಡ ಹೆಸರದು. ತಾಂಡೇಲನ ಕೈ ತಲೆಗಿಂತ ಮೊದಲು ಓಡಿತು. 'ದಾನವ್ವ ಶಾಂತಪ್ಪ' ಅಂತ ದೇವನಾಗರಿಯಲ್ಲಿ ಪೂರ್ತಿ ಬರೆದ ಮೇಲೆಯೇ ಅವನು ನಿಂತದ್ದು. ತಾನು ಬರೆದದ್ದನ್ನು ತಾನೇ ನೋಡಿದ. ಅದರ ಮೇಲೆ ಒಂದು ಗೆರೆ ಎಳೆದ, ಇನ್ನೊಂದು ಎಳೆದ. ನೀಲಿ ಶಾಯಿಯ ಕೆಳಗೆ ಅಕ್ಷರ ಮುಚ್ಚಲಿಲ್ಲ. ಹಾಜರಿ ಪುಸ್ತಕದ ಹಾಳೆ. ಹರಿಯುವ ಹಾಗೂ ಇಲ್ಲ, ಪ್ರತಿ ಹಾಳೆಗೂ ಸಂಖ್ಯೆಯಿತ್ತು.

"ನಾಳೆಯಿಂದ ನೀನು ಐರೋಲಿ ಸೈಟಿಗೆ," ಎಂದ ಗುರುಬಾಯಿಗೆ, ಪುಸ್ತಕ ಮುಚ್ಚುತ್ತಾ. ಅಂಬವ್ವನನ್ನು ಒಂದು ಸಲ ನೋಡಿ ಹೋದ. ಅವಳಿಗೆ ಏನಾಗುವುದೋ ನಾಳೆ ತಿಳಿಯುತ್ತಿತ್ತು. ನೆಲದ ಮೇಲೆ ಸಮೋಸದ ಚೂರು, ಗುಲಾಬಿಯ ಎಸಳು ಬಿದ್ದಿದ್ದವು. ಹೆಂಗಸರು ಮಾಪು ತರಲು ಹೋದರು.

ಅಕ್ಷಯ ತಂತಿಗಳನ್ನು ಸುತ್ತುತ್ತಿದ್ದ. "ನನಗೂ ನಾಳೆ ಫೋನ್ ಬರ್ಬಹುದು," ಅಂದ. ಬೈದದ್ದಲ್ಲ, ಹೇಳಿದ್ದು. ಲ್ಯಾಪ್‌ಟಾಪಿನ ಪರದೆಯಲ್ಲಿ ಗಿಟಾರ್ ಇನ್ನೂ ಹಾಗೆಯೇ ಇತ್ತು. "ಇದನ್ನು ತೆಗೆದುಬಿಡ್ಲಾ ಅಕ್ಕ?"

"ಎಷ್ಟ ದಿನ ಐತಿ ಅದರದು?"

"ಇನ್ನೂ ಐದು ದಿನ."

"ಇರಲಿ ಬಿಡು. ಸೋಮವಾರ ಚಾಳಿಗೆ ತಗೊಂಡ ಬಾ." ಗುರುಬಾಯಿ ಮೊಣಕಾಲು ಹಿಡಿದು ಎದ್ದಳು. ಒಂದು ಸಲ ನೋಯಿತು, ಎರಡನೇ ಸಲವೂ ನೋಯಿತು. "ಅಂಬವ್ವಗ ಶ್ರುತಿ ಹಿಡಿಯಾಕ ಬರವಲ್ದು. ಕಲಸಬೇಕು."